ಮ್ಯಾಕ್ಸ್ ಅನ್ನೋ ಚಿಗಟ

ಎಲ್ಲರಿಗೂ ನಮಸ್ಕಾರ. ಇವತ್ತು ಸ್ವೀಡನ್ನಿನ ನಟ ಮ್ಯಾಕ್ಸ್ ವಾನ್ ಸೀಡೊ ಬಗ್ಗೆ ಸ್ವಲ್ಪ ಮಾತಾಡೋಣ ಅಂತ. ಹೆಸರು ಗೊತ್ತಿಲ್ದಿದ್ರೂ ಮುಖ ನೋಡಿರ್ತೀರಿ, 1973ರಲ್ಲಿ ದಿ ಎಕ್ಸಾರ್ಸಿಸ್ಟ್ ಅಂತ ದೆವ್ವ ಬಿಡಿಸೋ ಸಿನಿಮಾ ಬಂತಲ್ಲ, ಅದ್ರಲ್ಲಿ ರಾತ್ರಿ ಹೊತ್ತು ಟೋಪಿ ಹಾಕ್ಕೊಂಡು ಬ್ಯಾಗ್ ಹಿಡ್ಕೊಂಡು ಬರೋ ಮುದುಕ ಪಾದ್ರಿ, ಅವರೇ. ಆ ಮುದುಕನಿಗೆ ಆಗ ಬರೀ 44 ವರ್ಷ! ಡಿಕ್ ಸ್ಮಿತ್ ಅನ್ನೋ ಮೇಕಪ್ ಕಲಾವಿದ ಗಂಟೆಗಟ್ಲೆ ಕೂರಿಸ್ಕೊಂಡು ಮುಖದ ತುಂಬ ಸುಕ್ಕು ಮಾಡ್ತಿದ್ದ, ಅದೆಷ್ಟು ಚೆನ್ನಾಗಿತ್ತು ಅಂದ್ರೆ ಮುಂದೆ ಇಪ್ಪತ್ತು ಮೂವತ್ತು ವರ್ಷ ಆದ್ಮೇಲೆ ಅವರನ್ನ ನೋಡಿದ್ರೂ ಅಯ್ಯೋ ಈ ಮನುಷ್ಯ ಹಾಗೇ ಇದಾನಲ್ಲ ಅನ್ಸುತ್ತೆ.

ಹುಟ್ಟಿದ್ದು 1929ರಲ್ಲಿ, ಲುಂಡ್ ಊರಲ್ಲಿ. ಅಪ್ಪ ಅಲ್ಲೇ ಯೂನಿವರ್ಸಿಟಿ ಪ್ರೊಫೆಸರ್, ಜಾನಪದ ಕಥೆಗಳನ್ನ ಓದಿ ಅರೆದು ಕುಡಿದವರು. ಮಗನ ಹೆಸರು ಕಾರ್ಲ್ ಅಡಾಲ್ಫ್. ಎರಡನೇ ಮಹಾಯುದ್ಧ ಆದ್ಮೇಲೆ ಅಡಾಲ್ಫ್ ಅಂತ ಪೋಸ್ಟರ್ ಮೇಲೆ ಹಾಕೋದು ಕಷ್ಟಾನೇ ಬಿಡಿ, ಆದ್ರೆ ಮ್ಯಾಕ್ಸ್ ಅನ್ನೋ ಹೆಸರು ಬಂದಿದ್ದು ಮಿಲಿಟರಿ ಸೇವೇಲಿದ್ದಾಗ ಮಾಡಿದ ಒಂದು ತಮಾಷೆ ಆಟದಿಂದ, ಅದ್ರಲ್ಲಿ ಇವರದು ಚಿಗಟದ ಪಾರ್ಟು, ಆ ಚಿಗಟದ ಹೆಸರೇ ಮ್ಯಾಕ್ಸ್. ಆರಡಿ ಮೇಲಿರೋ ಆಸಾಮಿ, ಮುಖದಲ್ಲಿ ನಗು ಕಾಣೋದೇ ಅಪರೂಪ, ಹೆಸರು ಮಾತ್ರ ಚಿಗಟದ್ದು!

ಸ್ಟಾಕ್‌ಹೋಮಿನ ರಾಯಲ್ ಡ್ರಾಮಾಟಿಕ್ ಥಿಯೇಟರಿನ ಶಾಲೇಲಿ ಕಲಿತು, 1955ರಲ್ಲಿ ಮಾಲ್ಮೋ ಊರಿನ ಥಿಯೇಟರಿಗೆ ಬಂದ್ರು. ಅಲ್ಲಿ ಇಂಗ್ಮಾರ್ ಬರ್ಗ್‌ಮನ್ ಅನ್ನೋ ನಿರ್ದೇಶಕ ಇದ್ದ. ಚಳಿಗಾಲ ಪೂರ್ತಿ ನಾಟಕ, ಬೇಸಿಗೆ ಬಂತು ಅಂದ್ರೆ ಅದೇ ನಟರನ್ನ ಕಟ್ಕೊಂಡು ಸಿನಿಮಾ, ಒಂಥರಾ ಕಂಪನಿ ನಾಟಕದ ಸಂಸಾರ ಇದ್ದಂಗೆ. ಹಾಗೆ ಬಂದಿದ್ದು 1957ರ ದಿ ಸೆವೆಂತ್ ಸೀಲ್. ಧರ್ಮಯುದ್ಧ ಮುಗಿಸಿ ಊರಿಗೆ ವಾಪಸ್ ಬರೋ ಯೋಧ, ಊರಲ್ಲೆಲ್ಲ ಪ್ಲೇಗು, ಕಡಲದಂಡೇಲಿ ಸಾವೇ ಕರೀ ನಿಲುವಂಗಿ ಹಾಕ್ಕೊಂಡು ಎದುರಿಗೆ ನಿಂತಿದೆ. ಇವನು ಬಾ ಚದುರಂಗ ಆಡೋಣ ಅಂತಾನೆ, ಆಟ ನಡೆಯೋವರೆಗೂ ಜೀವ. ಇಷ್ಟು ದೊಡ್ಡ ಭಾರ ಹೊತ್ತ ಮುಖ, ವಯಸ್ಸು ನೋಡಿದ್ರೆ ಮೂವತ್ತೂ ಆಗಿಲ್ಲ. ಇಡೀ ಸಿನಿಮಾ ಮುಗಿದಿದ್ದು 35 ದಿನಕ್ಕೆ. ಕೊನೇಲಿ ಗುಡ್ಡದ ಮೇಲೆ ಸಾವಿನ ಹಿಂದೆ ಸಾಲಾಗಿ ಕುಣ್ಕೊಂಡು ಹೋಗ್ತಾರಲ್ಲ, ಅವತ್ತು ನಟರು ಆಗ್ಲೇ ಹೊರಟುಹೋಗಿದ್ರಂತೆ, ಮೋಡ ಚೆನ್ನಾಗಿದೆ ಅಂತ ಲೈಟಿನವರಿಗೂ ನೋಡೋಕೆ ಬಂದಿದ್ದ ಟೂರಿಸ್ಟುಗಳಿಗೂ ಕಾಸ್ಟ್ಯೂಮ್ ಹಾಕ್ಸಿ ತೆಗೆದುಬಿಟ್ರು.

ಬರ್ಗ್‌ಮನ್ ಜೊತೆ ಒಟ್ಟು 11 ಸಿನಿಮಾ. ಆಮೇಲೆ ಹಾಲಿವುಡ್ಡು, 1965ರಲ್ಲಿ ಏಸು, 1980ರಲ್ಲಿ ಫ್ಲಾಶ್ ಗಾರ್ಡನ್‌ನಲ್ಲಿ ಬಣ್ಣಬಣ್ಣದ ವಿಲನ್ನು, ಅದೆಲ್ಲ ಹೊಟ್ಟೆಪಾಡು ಅಂತ ನಾನಂತೂ ಬಿಟ್ಟುಬಿಡ್ತೀನಿ. ಆದ್ರೆ 1987ರ ಪೆಲ್ಲೆ ದಿ ಕಾಂಕರರ್ ಬಿಡಬೇಡಿ. ಪುಟ್ಟ ಮಗನ್ನ ಕರ್ಕೊಂಡು ಡೆನ್ಮಾರ್ಕಿಗೆ ಕೂಲಿಗೆ ಬರೋ ಬಡ ಮುದುಕ, ಬಾಯಲ್ಲಿ ಭಾರಿ ಮಾತು, ಯಜಮಾನನ ಮುಂದೆ ನಿಂತ್ರೆ ತೊಡೆ ನಡುಕ. ಅಪ್ಪನ ಪುಕ್ಕಲುತನ ಮಗನಿಗೆ ಗೊತ್ತಾಗೋ ಗಳಿಗೇಲಿ ಆ ಮುಖ ನೋಡಬೇಕು! ಅವರಿಗೆ ಮೊದಲ ಆಸ್ಕರ್ ನಾಮಿನೇಶನ್ ಸಿಕ್ಕಿದ್ದು ಅದಕ್ಕೇ. ಎರಡನೇದು ಸಿಕ್ಕಾಗ 82 ವರ್ಷ, ಆ ಪಾತ್ರಕ್ಕೆ ಒಂದೂ ಡೈಲಾಗ್ ಇಲ್ಲ, ಹೇಳೋದೆಲ್ಲ ಚೀಟೀಲಿ ಬರೆದು ತೋರಿಸ್ತಾನೆ. ತೀರ್ಕೊಂಡಿದ್ದು 2020ರ ಮಾರ್ಚಲ್ಲಿ.

ಇನ್ನೊಂದು ಹೇಳಲೇಬೇಕು, ರೇಡಿಯೋದವರಿಗೆ ಇಷ್ಟ ಆಗುತ್ತೆ. 1991ರಲ್ಲಿ ಯುರೋಪಾ ಅಂತ ಒಂದು ಸಿನಿಮಾ, ಅದ್ರಲ್ಲಿ ಈ ಮನುಷ್ಯನ ಮುಖವೇ ಕಾಣಲ್ಲ. ರೈಲು ಹಳಿ ಓಡ್ತಾ ಇರುತ್ತೆ, ಹಿಂದಿನಿಂದ ಇವರ ದನಿ ಮೆಲ್ಲಗೆ ಒಂದರಿಂದ ಹತ್ತು ಎಣಿಸುತ್ತೆ, ಹತ್ತು ಅನ್ನೋಷ್ಟರಲ್ಲಿ ನಾವೂ ಆ ರೈಲಲ್ಲೇ ಇರ್ತೀವಿ.