ಎಳೆ ಮಕ್ಕಳಿಗೆ ವರ್ಣಭೇದದ ಬಗ್ಗೆ ಎಷ್ಟು ಹೇಳ್ಬೇಕು?

ಕೇಳುಗರಿಗೆಲ್ಲ ನಮಸ್ಕಾರ. ನಾನು ದಾವಣಗೆರೆ ಕಡೆ ಪ್ರೈಮರಿ ಶಾಲೇಲಿ ಪಾಠ ಮಾಡೋಳು. ಇವತ್ತಿನ ವಿಷಯ ಕೇಳಿ ಕೆಲವರು ಸ್ಟೇಷನ್ ಬದಲಾಯಿಸಿದ್ರೂ ಬದಲಾಯಿಸಬಹುದು, ವರ್ಣಭೇದ ಅಂದ್ರೆ ಅಮೆರಿಕಾದ್ದು, ಸೌತ್ ಆಫ್ರಿಕಾದ್ದು, ನಮ್ಮ ಒಂದನೇ ಕ್ಲಾಸ್ ಮಕ್ಕಳಿಗೂ ಅದಕ್ಕೂ ಏನ್ರೀ ಸಂಬಂಧ ಅಂತ. ಸಂಬಂಧ ಐತ್ರಿ. ಸ್ಕೂಲ್ ಡೇ ಹತ್ರ ಬಂದಾಗ ಯಾವ್ದಾದ್ರೂ ಶಾಲೆ ಪ್ರಾಕ್ಟೀಸ್ ನೋಡಿ ಬನ್ನಿ. ಭಾರತಮಾತೆ ಪಾರ್ಟು ಬೆಳ್ಳಗಿರೋ ಹುಡುಗಿಗೆ, ರಾಕ್ಷಸನ ಪಾರ್ಟು ಕಪ್ಪಗೆ ದಪ್ಪಗಿರೋ ಹುಡುಗನಿಗೆ. ಯಾರೂ ಬೇಕಂತ ಮಾಡಲ್ಲ, ಕೈ ತಾನಾಗೇ ಆ ಕಡೆ ಹೋಗಿರುತ್ತೆ. ಕಪ್ಪಗಿರೋ ಹುಡುಗೀನ ಡ್ಯಾನ್ಸಿಗೆ ಸೇರಿಸ್ಕೊಂಡ್ರೂ ಹಿಂದಿನ ಸಾಲು, ಮುಖಕ್ಕೆ ಎರಡು ಸಲ ಪೌಡರ್, ಸ್ಟೇಜ್ ಲೈಟಲ್ಲಿ ನೋಡಿದ್ರೆ ಮುಖ ಒಂದು ಬಣ್ಣ ಕುತ್ತಿಗೆ ಒಂದು ಬಣ್ಣ. ಕರಿಯಮ್ಮನ ಗುಡೀಲಿ ಅಡ್ಡಬೀಳೋ ಜನ ನಾವು, ಮನೇಲಿ ಹೆಣ್ಣುಕೂಸು ಕಪ್ಪಗೆ ಹುಟ್ಟಿದ್ರೆ ಮಾತ್ರ ಕಡ್ಲೆಹಿಟ್ಟು ಕೆನೆ ಹುಡುಕ್ತೀವಿ, ಇರ್ಲಿ ಬಿಡಿ.

ಚಿಕ್ಕ ಮಕ್ಕಳಿಗೆ ಇದೆಲ್ಲ ಗೊತ್ತಾಗಲ್ಲ ಅಂತ ಹೇಳ್ತೀವಲ್ಲ, ಅದು ನಮ್ಮ ಸಮಾಧಾನಕ್ಕೆ ಅಷ್ಟೇ. ಅಮೆರಿಕಾದಲ್ಲಿ 1940ರ ಸುಮಾರಿಗೆ ಕೆನೆತ್ ಕ್ಲಾರ್ಕ್, ಮೇಮಿ ಕ್ಲಾರ್ಕ್ ಅಂತ ಕಪ್ಪು ಜನಾಂಗದ ಗಂಡ ಹೆಂಡ್ತಿ, ಇಬ್ರೂ ಮನಃಶಾಸ್ತ್ರಜ್ಞರು, ಮೂರರಿಂದ ಏಳು ವರ್ಷದ ಕಪ್ಪು ಮಕ್ಕಳ ಮುಂದೆ ಗೊಂಬೆ ಇಟ್ರು. ಬಣ್ಣ ಒಂದು ಬಿಟ್ರೆ ಬೇರೆಲ್ಲಾ ಒಂದೇ ಥರದ ಗೊಂಬೆ. ಯಾವ್ದು ಚೆನ್ನಾಗಿದೆ ಅಂದ್ರೆ ಬಹಳಷ್ಟು ಮಕ್ಕಳು ಬಿಳಿ ಗೊಂಬೆ ತೋರಿಸಿದ್ವು, ಕೆಟ್ಟದ್ದು ಯಾವ್ದು ಅಂದ್ರೆ ಕಪ್ಪು ಗೊಂಬೆ, ಆಮೇಲೆ ನಿನ್ನ ಥರ ಇರೋದು ಯಾವ್ದಪ್ಪ ಅಂದಾಗ ಕೆಲವು ಮಕ್ಕಳು ಅತ್ತೇಬಿಟ್ವು. 1954ರಲ್ಲಿ ಕಪ್ಪು ಮಕ್ಕಳಿಗೆ ಬೇರೆ ಶಾಲೆ ಅನ್ನೋದು ತಪ್ಪು ಅಂತ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಾಗ ಕ್ಲಾರ್ಕ್ ಅವರ ಕೆಲಸಾನೂ ಉಲ್ಲೇಖ ಮಾಡ್ತು. ಮೂರು ವರ್ಷದ ಕೂಸಿಗೆ ಇಷ್ಟು ಗೊತ್ತಾಗುತ್ತೆ ಅಂದ್ಮೇಲೆ ನಾವು ಸುಮ್ನಿದ್ರೆ ಬೇರೆ ಯಾರೋ ಹೇಳಿಕೊಡ್ತಾರೆ, ಟೀವಿ ಅಡ್ವರ್ಟೈಸ್‌ಮೆಂಟೋ, ಓಣಿ ಕಟ್ಟೆ ಮೇಲೆ ಕೂತೋರೋ.

ಹಂಗಂತ ಅಂಗನವಾಡಿ ಮಕ್ಕಳಿಗೆ ಇತಿಹಾಸ ಹೇಳೋಕಾಗುತ್ತಾ? ಇಲ್ಲ. ಅವರಿಗೆ ಕ್ರೆಯಾನ್ ಡಬ್ಬಿ ಸಾಕು. ಅದ್ರಲ್ಲಿ ತಿಳಿ ಗುಲಾಬಿ ಥರದ ಕಡ್ಡಿ ಒಂದಿರುತ್ತೆ, ಮಕ್ಕಳು ಅದನ್ನ ಸ್ಕಿನ್ ಕಲರ್ ಅಂತಾರೆ, ಕೊಡೋ ಸ್ಕಿನ್ ಕಲರ್ ಕೊಡೋ ಅಂತ ಕಿತ್ತಾಡ್ತಾರೆ. ಆ ಕಡ್ಡೀನ ಕೈ ಪಕ್ಕ ಇಟ್ಟು ನೋಡ್ರೋ ಅನ್ಬೇಕು. ಇಡೀ ಕ್ಲಾಸಲ್ಲಿ ಒಬ್ಬನ ಕೈಗೂ ಹೊಂದಲ್ಲ! ಆಮೇಲೆ ಕಂದು, ಹಳದಿ, ಕೆಂಪು, ಕಪ್ಪು ಒಂದರ ಮೇಲೊಂದು ಉಜ್ಜಿ ಅವರವರ ಬಣ್ಣ ಅವರೇ ಮಾಡ್ಕೊಳ್ಳಲಿ. ಅಮೆರಿಕಾದ ಕ್ರೆಯೋಲಾ ಕಂಪನಿಯವರು ಇಂಥದ್ದೇ ಬಣ್ಣಕ್ಕೆ ಇಟ್ಟಿದ್ದ ಚರ್ಮದ ಬಣ್ಣ ಅನ್ನೋ ಹೆಸರನ್ನ 1962ರಲ್ಲೇ ತೆಗೆದು ಪೀಚ್ ಅಂತ ಮಾಡಿದ್ರು, ನಮ್ಮಲ್ಲಿ ಇನ್ನೂ ನಡೀತಾನೇ ಇದೆ.

ಎರಡನೇ ಮೂರನೇ ಕ್ಲಾಸಿಗೆ ಬಂದ್ರೆ ಕಾರಣ ಕೇಳ್ತಾರೆ. ಚರ್ಮಕ್ಕೆ ಬಣ್ಣ ಕೊಡೋ ವಸ್ತು ಒಂದಿದೆ, ಅದರ ಹೆಸರು ಮೆಲನಿನ್ ಅಂತ ಹೇಳ್ಬಹುದು. ಅದನ್ನ ತಯಾರು ಮಾಡೋ ಜೀವಕೋಶ ಎಲ್ಲರ ಚರ್ಮದಲ್ಲೂ ಹೆಚ್ಚುಕಮ್ಮಿ ಅಷ್ಟೇ ಇರುತ್ತೆ, ಎಷ್ಟು ತಯಾರಾಗುತ್ತೆ ಅನ್ನೋದ್ರಲ್ಲಿ ವ್ಯತ್ಯಾಸ. ನಮ್ಮ ಕಡೆ ಒಂದು ಹೊಲ ಎರೆ, ಬದು ದಾಟಿದ್ರೆ ಕೆಮ್ಮಣ್ಣು, ಎರಡರಲ್ಲೂ ಜೋಳ ಬರುತ್ತಲ್ಲ ಅಂದ್ರೆ ರೈತರ ಮಕ್ಕಳಿಗೆ ಪಟ್ ಅಂತ ಹತ್ತುತ್ತೆ.

ಕಥೆ ಹೇಳ್ಬೇಕು ಅಂದ್ರೆ ನಾನು ರೂಬಿ ಬ್ರಿಡ್ಜಸ್ ಕಥೆ ಹೇಳ್ತೀನಿ. 1960ರ ನವೆಂಬರ್ 14, ಅಮೆರಿಕಾದ ನ್ಯೂ ಆರ್ಲಿಯನ್ಸ್ ಅನ್ನೋ ಊರು, ಆರು ವರ್ಷದ ಕಪ್ಪು ಹುಡುಗಿ ಬಿಳಿಯರ ಶಾಲೆಗೆ ಮೊದಲ ದಿನ ಹೋಗ್ತಾಳೆ, ಹಿಂದೆ ಮುಂದೆ ಸರ್ಕಾರದ ಮಾರ್ಷಲ್‌ಗಳು. ಬಿಳಿ ಮಕ್ಕಳ ಅಪ್ಪ ಅಮ್ಮ ತಮ್ಮ ಮಕ್ಕಳನ್ನ ಕರ್ಕೊಂಡು ಹೋಗಿಬಿಡ್ತಾರೆ, ಬಾರ್ಬರಾ ಹೆನ್ರಿ ಅನ್ನೋ ಮೇಡಂ ಒಬ್ಬರೇ ಇಡೀ ವರ್ಷ ಅವಳೊಬ್ಬಳಿಗೇ ಪಾಠ ಮಾಡ್ತಾರೆ. ಎರಡನೇ ಕ್ಲಾಸಿಗೆ ಇಷ್ಟೇ ಸಾಕು, ಮೇಡಂ ಒಳ್ಳೇವ್ರು ಅಲ್ವಾ ಮಿಸ್ ಅಂತಾರೆ, ಖಾಲಿ ಕ್ಲಾಸಲ್ಲಿ ಆಟಕ್ಕೆ ಯಾರಿದ್ರು ಅಂತ ಕೇಳ್ತಾರೆ. ನಾಲ್ಕನೇ ಕ್ಲಾಸಾದ್ರೆ ಅವರಪ್ಪನ ಕೆಲಸ ಹೋಯ್ತು, ವಿಷ ಹಾಕ್ತೀವಿ ಅಂತ ಹೆದರಿಸಿದ್ರು, ಅದಕ್ಕೆ ಮನೆ ಬುತ್ತಿ ಬಿಟ್ಟು ಬೇರೇನೂ ತಿನ್ನೋ ಹಂಗಿರಲಿಲ್ಲ ಅನ್ನೋದನ್ನೂ ಹೇಳ್ಬಹುದು. ಶಾಲೆ ಮುಂದೆ ಒಬ್ಬ ಹೆಂಗಸು ಕಪ್ಪು ಗೊಂಬೇನ ಶವಪೆಟ್ಟಿಗೇಲಿಟ್ಟು ತೋರಿಸ್ತಿದ್ಲು ಅನ್ನೋದು ಮಾತ್ರ ಆರು ಏಳನೇ ಕ್ಲಾಸಿಗೆ, ಅದಕ್ಕಿಂತ ಮುಂಚೆ ಬೇಡ್ವೇ ಬೇಡ, ರಾತ್ರಿ ನಿದ್ದೆ ಮಾಡಲ್ಲ ಮಕ್ಕಳು. ಸುಳ್ಳು ಹೇಳ್ಬಾರ್ದು, ಆದ್ರೆ ಎಲ್ಲಾನೂ ಒಂದೇ ಸಲ ಬಡಿಸ್ಬಾರ್ದು.

ಇನ್ನೊಂದು ಪ್ರಯೋಗ ಕೆಲವು ಟೀಚರ್‌ಗಳಿಗೆ ಬಹಳ ಇಷ್ಟ. ಅಮೆರಿಕಾದಲ್ಲಿ ಕಪ್ಪು ಜನರ ಹಕ್ಕಿಗಾಗಿ ಹೋರಾಡಿದ ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾದ ಮಾರನೇ ದಿನ, 1968ರ ಏಪ್ರಿಲ್ 5ಕ್ಕೆ, ಜೇನ್ ಎಲಿಯಟ್ ಅನ್ನೋ ಟೀಚರ್ ಮೂರನೇ ಕ್ಲಾಸ್ ಮಕ್ಕಳನ್ನ ಕಣ್ಣಿನ ಬಣ್ಣದ ಮೇಲೆ ಮೇಲು ಕೀಳು ಅಂತ ಮಾಡಿ ಕೂರಿಸಿದ್ದು. ಗಟ್ಟಿಗಿತ್ತಿ, ಒಪ್ತೀನಿ. ಆದ್ರೆ ಮಧ್ಯಾಹ್ನದೊಳಗೆ ಕೂಸುಗಳು ಒಬ್ಬರನ್ನೊಬ್ಬರು ಹಂಗಿಸೋಕೆ ಶುರು ಮಾಡಿದ್ವು, ನಮ್ಮ ಕ್ಲಾಸಲ್ಲಿ ಅದನ್ನ ಮಾಡೋದು ಬೇಡ. ಕಪ್ಪಗಿರೋ ಮಗೂನ ಎಬ್ಬಿಸಿ ನಿಲ್ಲಿಸಿ, ನೋಡಿ ಇವನನ್ನ ಹಂಗೆಲ್ಲ ಕರೀಬಾರ್ದು ಅನ್ನೋದೂ ಬೇಡ, ಅವತ್ತಿಂದ ಎಲ್ಲರೂ ಹಂಗೇ ಕರೀತಾರೆ.

ನೇಪಾಳದಿಂದಲೋ ಅಸ್ಸಾಂನಿಂದಲೋ ಬಂದೋರ ಮಕ್ಕಳು ಈಗ ನಮ್ಮ ಶಾಲೆಗಳಿಗೂ ಬರ್ತಾರೆ. ಏ ಚೀನಾ ಅಂತ ಯಾರೋ ಒಬ್ಬ ಕೂಗ್ತಾನೆ, ಪಕ್ಕದೋರು ನಗ್ತಾರೆ. ಅಲ್ಲೇ, ಆಗ್ಲೇ, ಗಲಾಟೆ ಇಲ್ದೆ ಹೇಳ್ಬೇಕು, ಅವನ ಹೆಸರು ನಿಂಗೆ ಗೊತ್ತಲ್ಲಪ್ಪ, ಹೆಸರು ಹಿಡಿದು ಕರಿ ಅಂತ. ಭಾಷಣ ಬೇಡ. ಮನೇಲಿ ಎಲ್ಲಿ ಕಲಿತ ಅನ್ನೋದನ್ನ ಆಮೇಲೆ ಅವರ ಅಮ್ಮನ ಹತ್ರ ಮಾತಾಡ್ಬಹುದು. 2012ರ ಆಗಸ್ಟಲ್ಲಿ ಗಾಳಿಸುದ್ದಿಗೆ ಹೆದರಿ ಈಶಾನ್ಯದ ಸಾವಿರಾರು ಜನ ಬೆಂಗಳೂರಿಂದ ರೈಲು ಹತ್ತಿ ಊರಿಗೆ ಹೋಗಿದ್ದು ದೊಡ್ಡೋರಿಗೆ ನೆನಪಿರಬೇಕು.

ಏಳನೇ ಕ್ಲಾಸಿಗೆ ಬಂದ್ರೆ ಸಂವಿಧಾನದ 15ನೇ ವಿಧಿ ಪೂರ್ತಿ ಓದಿಸಿ. ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಜಾಗ ಎಲ್ಲಾ ಒಂದೇ ಸಾಲಲ್ಲಿದೆ, ಅದರ ಕೆಳಗೇ ಅಂಗಡಿ, ಹೋಟ್ಲು, ಬಾವಿ, ಕೆರೆ ಅಂತ ಬರುತ್ತೆ. ಅಮೆರಿಕಾದ ಕಥೆ ಕೇಳಿ ಕಣ್ಣೀರು ಹಾಕಿದ ಮಕ್ಕಳೇ ಇಲ್ಲಿಗೆ ಬಂದಾಗ ಕೈ ಎತ್ತುತ್ತಾರೆ, ಮಿಸ್, ನಮ್ಮೂರ ಹೋಟ್ಲಲ್ಲಿ ಕೆಲವರಿಗೆ ಬೇರೆ ಲೋಟ ಯಾಕೆ ಅಂತ. ಆಗ ಪೀರಿಯಡ್ ಮುಗೀತು ಅಂತ ಪುಸ್ತಕ ಮುಚ್ಚಿಸೋ ಹಂಗಿಲ್ಲ, ಮುಂದಿನ ಪೀರಿಯಡ್ ಗಣಿತ ಇದ್ರೂ ಪರವಾಗಿಲ್ಲ ಇಸ್ಕೊಳ್ಳಿ.

ನಮಸ್ಕಾರ.