ಬಾಟಲಿಗೆ ಸಿಗದ ವಿಷ

ಎಲ್ಲರಿಗೂ ನಮಸ್ಕಾರ.

ಕಡಲ ನೀರು ಕೆಟ್ಟಿದೆಯೇ ಎಂದು ತಿಳಿಯಲು ದೋಣಿಯಲ್ಲಿ ಹೋಗಿ ಬಾಟಲಿಗೆ ನೀರು ತುಂಬಿ ತರುತ್ತೇವೆ. ಆದರೆ ಬಾಟಲಿಗೆ ಗೊತ್ತಿರುವುದು ಆ ಒಂದು ಗಳಿಗೆಯ ನೀರು ಮಾತ್ರ. ರಾತ್ರಿ ಇಳಿತದಲ್ಲಿ ಯಾರೋ ಹರಿಯಬಿಟ್ಟದ್ದು ಬೆಳಗಿನ ಭರತಕ್ಕೆ ಚದುರಿಹೋಗಿದ್ದರೆ ವರದಿಯಲ್ಲಿ ಎಲ್ಲವೂ ಸರಿ!

ಅದಕ್ಕೇ 1975ರಲ್ಲಿ ಅಮೆರಿಕದ ಕಡಲ ವಿಜ್ಞಾನಿ ಎಡ್ವರ್ಡ್ ಗೋಲ್ಡ್‌ಬರ್ಗ್ ಹೇಳಿದ್ದು: ನೀರನ್ನಷ್ಟೇ ಅಲ್ಲ, ಪಚ್ಚಿಲೆಯನ್ನೂ ಕೇಳಿ. ಬಂಡೆಗೆ ಅಂಟಿ ಕೂತ ಈ ಎರಡು ಚಿಪ್ಪಿನ ಜೀವಿ ಹಗಲಿರುಳು ನೀರು ಸೋಸುತ್ತದೆ. ಡಿಡಿಟಿ ಎಂಬ ಕೀಟನಾಶಕ, ಪಿಸಿಬಿ ಎಂಬ ಕಾರ್ಖಾನೆ ರಾಸಾಯನಿಕ, ಕ್ಯಾಡ್ಮಿಯಂ ಎಂಬ ಲೋಹ ಅದರ ಮೈಯಲ್ಲಿ ಶೇಖರವಾಗುತ್ತವೆ. ಓಡಿಹೋಗಲು ಕಾಲಿಲ್ಲ, ಹಾಗಾಗಿ ಸಾಕ್ಷಿ ನಂಬಬಹುದು. ಒಂದು ಎಚ್ಚರ ಬೇಕು. ಮೊಟ್ಟೆ ಬಿಡುವ ಮೊದಲೂ ಆಮೇಲೂ ಅದರ ಮೈಕಟ್ಟು ಬೇರೆಯಾದ್ದರಿಂದ, ಪ್ರತಿ ವರ್ಷ ಅದೇ ತಿಂಗಳು, ಅದೇ ಗಾತ್ರದ ಪಚ್ಚಿಲೆಗಳನ್ನೇ ಆರಿಸಬೇಕು.

ಇಷ್ಟಾದರೂ ತಿಳಿಯುವುದು ಮೈಯಲ್ಲಿ ಎಷ್ಟು ವಿಷ ಇದೆ ಎಂದಷ್ಟೇ. ಅದು ಮಾಡಿದ್ದೇನು? ಇಲ್ಲಿ ನನಗೆ ಇಷ್ಟವಾದ ಕಥೆ ಇಂಗ್ಲೆಂಡಿನ ಪ್ಲಿಮತ್ತಿನದು.

1970ರಲ್ಲಿ ಅಲ್ಲಿನ ಬಂಡೆಗಳ ಮೇಲಿನ ಡಾಗ್‌ವೆಲ್ಕ್ ಎಂಬ ಕಡಲ ಬಸವನಹುಳುವಿನ ಹೆಣ್ಣುಗಳಲ್ಲಿ ಗಂಡಿನ ಜನನಾಂಗ ಬೆಳೆದದ್ದು ವರದಿಯಾಯಿತು. ಕಾರಣ ತಿಳಿಯಲಿಲ್ಲ. ಅದೇ ದಶಕದ ಕೊನೆಗೆ ಫ್ರಾನ್ಸಿನ ಆರ್ಕಶೋನ್ ಕೊಲ್ಲಿಯಲ್ಲಿ ಸಿಂಪಿ ಸಾಕುವವರು ಕಂಗಾಲಾದರು: ಮರಿ ನಿಲ್ಲುತ್ತಿಲ್ಲ, ಚಿಪ್ಪು ವಿಕಾರವಾಗಿ ದಪ್ಪಗಾಗುತ್ತಿದೆ. ಎರಡರ ಹಿಂದೆಯೂ ಇದ್ದದ್ದು ದೋಣಿಯ ಬಣ್ಣ! ತಳಕ್ಕೆ ಚಿಪ್ಪುಜೀವಿಗಳು ಅಂಟಿದರೆ ವೇಗ ಕುಗ್ಗಿ ಇಂಧನ ಹೆಚ್ಚು ಸುಡುತ್ತದೆಂದು ಬಣ್ಣಕ್ಕೆ ಟ್ರೈಬ್ಯುಟೈಲ್ ಟಿನ್, ಅಂದರೆ ಟಿಬಿಟಿ ಎಂಬ ತವರದ ವಿಷ ಬೆರೆಸುತ್ತಿದ್ದರು.

ಲೀಟರಿಗೆ ಒಂದೆರಡು ನ್ಯಾನೋಗ್ರಾಂ ಇದ್ದರೂ ಡಾಗ್‌ವೆಲ್ಕಿಗೆ ತಟ್ಟುತ್ತದೆ. ನ್ಯಾನೋಗ್ರಾಂ ಎಂದರೆ ಅಂದಾಜು ಸಿಗುವುದಿಲ್ಲ, ಹೀಗೆ ಹೇಳುತ್ತೇನೆ: ಹತ್ತು ಸಾವಿರ ಲೀಟರಿನ ಟ್ಯಾಂಕರ್ ಲಾರಿಗಳು ಒಂದು ಲಕ್ಷ ನಿಂತಿವೆ, ಅಷ್ಟೂ ನೀರಿಗೆ ಒಂದೇ ಗ್ರಾಂ ವಿಷ. ಅಷ್ಟಕ್ಕೇ ಹೆಣ್ಣಿನ ರೂಪ ಬದಲಾಗತೊಡಗುತ್ತದೆ. ಪ್ರಮಾಣ ಇನ್ನೂ ಏರಿದರೆ ಮೊಟ್ಟೆ ಹೊರಬರುವ ದಾರಿಯೇ ಮುಚ್ಚಿ, ಮೊಟ್ಟೆಚೀಲ ಒಳಗೇ ಉಳಿದು ಆ ಹೆಣ್ಣೇ ಸಾಯುತ್ತದೆ. ಈ ಹುಳುವಿನ ಮರಿಗಳು ನೀರಿನಲ್ಲಿ ತೇಲುವುದಿಲ್ಲ, ಚೀಲದಿಂದ ತೆವಳಿಯೇ ಬರುತ್ತವೆ. ಹಾಗಾಗಿ ಒಂದು ಬಂಡೆಸಾಲಿನಲ್ಲಿ ಸಂತಾನ ಅಳಿದರೆ ಮತ್ತೆ ತುಂಬಿಕೊಳ್ಳಲು ವರ್ಷಗಟ್ಟಲೆ ಬೇಕು.

ಫ್ರಾನ್ಸ್ 1982ರಲ್ಲಿ, ಬ್ರಿಟನ್ 1987ರಲ್ಲಿ ಸಣ್ಣ ದೋಣಿಗಳಿಗೆ ಇದನ್ನು ನಿಷೇಧಿಸಿದವು. ಹಡಗುಗಳಿಗೂ ಇದನ್ನು ನಿಷೇಧಿಸುವ ಅಂತಾರಾಷ್ಟ್ರೀಯ ಒಪ್ಪಂದ ಸಿದ್ಧವಾದದ್ದು 2001ರಲ್ಲಿ, ಜಾರಿಗೆ ಬಂದದ್ದು 2008ರಲ್ಲಿ. ಹುಳು ದೂರು ಕೊಟ್ಟು ಆಗ 38 ವರ್ಷ!

ಈಗ ಜೀವಕೋಶದ ಮಟ್ಟದಲ್ಲೂ ನೋಡುತ್ತಾರೆ. ಪಚ್ಚಿಲೆಯ ರಕ್ತಕ್ಕೆ ನ್ಯೂಟ್ರಲ್ ರೆಡ್ ಎಂಬ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ಕಾಯುವುದು. ಆರೋಗ್ಯವಂತ ಕೋಶದ ಲೈಸೋಸೋಮುಗಳು, ಅಂದರೆ ಕೋಶದೊಳಗಿನ ಕಸ ಜೀರ್ಣಿಸುವ ಪುಟ್ಟ ಚೀಲಗಳು, ಎರಡು ಗಂಟೆಗೂ ಹೆಚ್ಚು ಬಣ್ಣ ಹಿಡಿದಿಡುತ್ತವೆ. 50 ನಿಮಿಷದೊಳಗೆ ಸೋರಿತೆಂದರೆ ಜೀವ ಸಂಕಟದಲ್ಲಿದೆ ಎಂದೇ ಲೆಕ್ಕ. ದುಬಾರಿ ಯಂತ್ರ ಬೇಡ, ತಾಳ್ಮೆ ಬೇಕು. ನಮ್ಮ ಕರಾವಳಿಯ ಕಾಲೇಜುಗಳಲ್ಲೂ ಮಾಡಬಹುದಾದ ಪರೀಕ್ಷೆ ಎಂದು ನನ್ನ ಅನಿಸಿಕೆ.

ಇನ್ನೊಂದು ಮಾತು. ನಿಷೇಧವಾದರೂ ಬಂದರಿನ ಕೆಸರಿನಲ್ಲಿ ಹೂತ ಟಿಬಿಟಿ ಬೇಗ ಕರಗುವುದಿಲ್ಲ. ಹೂಳೆತ್ತಿದರೆ ಮತ್ತೆ ಮೇಲೇಳುತ್ತದೆ. ನಿಮ್ಮೂರ ಬಂದರಿನಲ್ಲಿ ಹೂಳೆತ್ತುವ ಸುದ್ದಿ ಬಂದಾಗ ಎರಡು ಪ್ರಶ್ನೆ ಕೇಳಿ: ಆ ಕೆಸರನ್ನು ಪರೀಕ್ಷೆ ಮಾಡಿಸಿದಿರಾ? ಅದನ್ನು ಸುರಿಯುವುದು ಎಲ್ಲಿ?