ಎಸ್‌ಎಂಪಿಎಸ್ ಸದ್ದು ಮಾಡಿದರೆ: ಮೊದಲು ಕಿವಿ, ಆಮೇಲೆ ಸ್ಕ್ರೂಡ್ರೈವರ್

ಎಲ್ಲರಿಗೂ ನಮಸ್ಕಾರ. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಕಡೆಯಿಂದ ಅಂಗಡಿಗೆ ಬೀಗ ಹಾಕಿಕೊಂಡು ಕೋಲಾರಕ್ಕೆ ಬಂದಿದ್ದೀರಿ. ಝೆರಾಕ್ಸ್ ಅಂಗಡಿಯವರು, ಡಿಟಿಪಿ ಮಾಡುವವರು, ಆನ್‌ಲೈನ್ ಅರ್ಜಿ ಹಾಕಿಕೊಡುವವರು, ಶಾಲೆಯ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವ ಮೇಷ್ಟ್ರು, ಎಲ್ಲರೂ ಇದ್ದೀರಿ. ಒಂದು ಕಂಪ್ಯೂಟರ್ ಮಲಗಿದರೆ ಅವತ್ತಿನ ವ್ಯಾಪಾರ ಹೋಯಿತು ಅಂತಲೇ ಲೆಕ್ಕ. ಅದಕ್ಕೇ ಇವತ್ತು ಒಂದೇ ವಿಷಯ ಹಿಡಿದುಕೊಂಡು ಬಂದಿದ್ದೇನೆ: ಎಸ್‌ಎಂಪಿಎಸ್‌ನಿಂದ, ಅಂದರೆ ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಹೊಂದುವಂತೆ ಮಾಡಿಕೊಡುವ ಡಬ್ಬದಿಂದ, ಬರುವ ಸದ್ದು.

ಸಿಪಿಯು ಸದ್ದು ಮಾಡುತ್ತಿದೆ ಅಂದ ಕೂಡಲೇ ಬಹಳ ಕಡೆ ಎಸ್‌ಎಂಪಿಎಸ್ ಬದಲಾಯಿಸಿಬಿಡುತ್ತಾರೆ. ದುಡ್ಡು ಖರ್ಚಾಗುತ್ತದೆ, ಎಷ್ಟೋ ಸಲ ಸದ್ದು ಹಾಗೇ ಇರುತ್ತದೆ. ಎಂಥ ಸದ್ದು ಅಂತ ಎಲ್ಲರೂ ಕೇಳುತ್ತಾರೆ. ಯಾವಾಗ ಬರುತ್ತದೆ ಅಂತ ಕೇಳುವವರು ಕಡಿಮೆ. ನನಗೆ ಎರಡನೆಯ ಪ್ರಶ್ನೆಯೇ ಮುಖ್ಯ. ಬೆಳಿಗ್ಗೆ ಆನ್ ಮಾಡಿದಾಗಲಾ? ದೊಡ್ಡ ಫೈಲ್ ತೆರೆದಾಗಲಾ? ಕರೆಂಟ್ ಹೋಗಿ ಯುಪಿಎಸ್ ಮೇಲೆ ಓಡುವಾಗಲಾ? ಈ ಉತ್ತರ ಸಿಕ್ಕರೆ ಅರ್ಧ ರಿಪೇರಿ ಮುಗಿದ ಹಾಗೆ.

ಅದಕ್ಕೂ ಮೊದಲು, ಸದ್ದು ನಿಜವಾಗಿ ಎಸ್‌ಎಂಪಿಎಸ್‌ನದ್ದೇನಾ ನೋಡಬೇಕು. ಕ್ಯಾಬಿನೆಟ್ ಒಳಗೆ ಪ್ರೊಸೆಸರ್ ಫ್ಯಾನ್ ಇದೆ, ಹಿಂದೊಂದು ಫ್ಯಾನ್ ಇರಬಹುದು, ಹಾರ್ಡ್ ಡಿಸ್ಕ್ ಇದೆ. ಸೈಡ್ ಪ್ಯಾನೆಲ್ ತೆಗೆದು, ದಿನಪತ್ರಿಕೆಯನ್ನು ಕೊಳವೆ ಥರ ಸುತ್ತಿ, ಒಂದು ತುದಿ ಕಿವಿಗೆ, ಇನ್ನೊಂದು ತುದಿ ಒಂದೊಂದರ ಹತ್ತಿರ ಹಿಡಿಯಿರಿ. ಯಾವುದಕ್ಕೂ ತಾಗಿಸಬೇಡಿ. ಎಲ್ಲಿ ಜೋರಾಗುತ್ತದೋ ಅಲ್ಲೇ ಕಳ್ಳ ಇದ್ದಾನೆ. ಸಡಿಲವಾದ ಕೇಬಲ್ ಫ್ಯಾನಿನ ರೆಕ್ಕೆಗೆ ಬಡಿದು ಟಕಟಕ ಅನ್ನುವುದೂ ಉಂಟು. ಅದಕ್ಕೆ ಒಂದು ಕೇಬಲ್ ಟೈ ಸಾಕು.

ಇನ್ನೂ ಅನುಮಾನ ಇದ್ದರೆ ಎಸ್‌ಎಂಪಿಎಸ್ ಒಂದನ್ನೇ ಓಡಿಸಿ ನೋಡಿ. ಗೋಡೆಯ ಪ್ಲಗ್ ತೆಗೆಯಿರಿ. ಮದರ್‌ಬೋರ್ಡ್, ಹಾರ್ಡ್ ಡಿಸ್ಕ್, ಎಲ್ಲದರ ಕನೆಕ್ಟರ್ ಬಿಚ್ಚಿ. ಮದರ್‌ಬೋರ್ಡಿಗೆ ಹೋಗುವ 24 ಪಿನ್ ಕನೆಕ್ಟರ್‌ನಲ್ಲಿ ಹಸಿರು ವೈರ್ ಸಾಮಾನ್ಯವಾಗಿ ಒಂದೇ ಇರುತ್ತದೆ. ಅದನ್ನೂ ಯಾವುದಾದರೂ ಒಂದು ಕಪ್ಪು ವೈರನ್ನೂ ಸಣ್ಣ ತಂತಿಯಿಂದ ಸೇರಿಸಿ, ಆಮೇಲೆ ಪ್ಲಗ್ ಹಾಕಿ. ಎಲ್ಲ ವೈರೂ ಕಪ್ಪಾಗಿದ್ದರೆ ಬಣ್ಣ ನಂಬಬೇಡಿ, 16ನೇ ಪಿನ್ ಎಣಿಸಿ. ಕೆಲವು ಎಸ್‌ಎಂಪಿಎಸ್‌ಗೆ ಸ್ವಲ್ಪವಾದರೂ ಲೋಡ್ ಬೇಕು. ಅದಕ್ಕೆ ಒಂದು ಹಳೆಯ ಹಾರ್ಡ್ ಡಿಸ್ಕ್ ಸಿಕ್ಕಿಸಿ. ಕೆಲವು ದುಬಾರಿ ಮಾಡೆಲ್‌ಗಳಲ್ಲಿ ಲೋಡ್ ಕಡಿಮೆ ಇದ್ದರೆ ಫ್ಯಾನ್ ತಿರುಗುವುದೇ ಇಲ್ಲ, ಅದು ತೊಂದರೆಯಲ್ಲ. ಮಲ್ಟಿಮೀಟರ್ ಇದ್ದರೆ ಹಳದಿ ವೈರ್ ನೋಡಿ. 11.4ರಿಂದ 12.6 ವೋಲ್ಟ್ ಒಳಗೆ ಇರಬೇಕು. ಕೆಂಪಿನಲ್ಲಿ 4.75ರಿಂದ 5.25.

ಈಗ ಫ್ಯಾನಿಗೆ ಬರೋಣ. ಹೆಚ್ಚಿನ ತೊಂದರೆ ಇರುವುದು ಇಲ್ಲೇ. ಬೆಳಿಗ್ಗೆ ಆನ್ ಮಾಡಿದಾಗ ಗೊರ್ರ್ ಅಂತ ಶುರುವಾಗಿ, ಸ್ವಲ್ಪ ಹೊತ್ತಿಗೆ ಸದ್ದು ಅಡಗುತ್ತದೆ ಅಲ್ವಾ? ಡಿಸೆಂಬರ್, ಜನವರಿಯ ಚಳಿಯಲ್ಲಿ ಇನ್ನೂ ಜಾಸ್ತಿ. ಕಡಿಮೆ ಬೆಲೆಯ ಫ್ಯಾನುಗಳಲ್ಲಿ ಇರುವುದು ಸ್ಲೀವ್ ಬೇರಿಂಗ್. ಒಂದು ಚಿಕ್ಕ ಲೋಹದ ಬುಷ್, ಅದರೊಳಗೆ ತಿರುಗುವ ಕಡ್ಡಿ, ಮಧ್ಯೆ ತೆಳುವಾದ ಎಣ್ಣೆ, ಅಷ್ಟೇ. ವರ್ಷಗಟ್ಟಲೆ ಬಿಸಿಗೆ ಆ ಎಣ್ಣೆ ಒಣಗಿ ಅಂಟಾಗುತ್ತದೆ. ಆಮೇಲೆ ಬಾವಿಯ ರಾಟೆಗೆ ಎಣ್ಣೆ ಕಾಣದಿದ್ದಾಗ ಕಿರುಗುಟ್ಟುವ ಹಾಗೇ ಇದೂ. ಬಿಸಿಯಾದಾಗ ಉಳಿದ ಎಣ್ಣೆ ತೆಳುವಾಗಿ ಸದ್ದು ನಿಲ್ಲುತ್ತದೆ. ಸರಿಹೋಯಿತು ಅಂತ ನಾವು ಸುಮ್ನೆ ಇದ್ದುಬಿಡುತ್ತೇವೆ. ಕೊನೆಗೊಂದು ದಿನ ಫ್ಯಾನ್ ತಿರುಗುವುದೇ ಇಲ್ಲ, ಒಳಗೆಲ್ಲ ಕಾದು ಎಸ್‌ಎಂಪಿಎಸ್ ಸುಡುತ್ತದೆ. ಬಾಲ್ ಬೇರಿಂಗ್ ಸವೆದರೆ ಬೇರೆ ಥರ. ಅದು ಬಿಸಿಯಾದರೂ ತಗ್ಗುವುದಿಲ್ಲ, ವೇಗ ಹೆಚ್ಚಿದಷ್ಟೂ ಸದ್ದು ಹೆಚ್ಚು.

ನಮ್ಮ ಕಡೆ ಧೂಳನ್ನು ಮರೆಯುವ ಹಾಗಿಲ್ಲ. ಮಾಲೂರಿನ ಇಟ್ಟಿಗೆ, ಹೆಂಚಿನ ಧೂಳು, ಎಪಿಎಂಸಿ ರಸ್ತೆಯಲ್ಲಿ ಟೊಮೆಟೊ ಲಾರಿಗಳು ಎಬ್ಬಿಸುವ ಕೆಂಪು ಧೂಳು. ಟಾರ್ಚ್ ಹಿಡಿದು ಹಿಂದಿನ ಜಾಲರಿಯೊಳಗೆ ನೋಡಿ. ರೆಕ್ಕೆಯ ಅಂಚಿನಲ್ಲಿ ಕೆಂಪಗೆ ಕಂಬಳಿ ಥರ ಕೂತಿರುತ್ತದೆ, ಒಂದು ರೆಕ್ಕೆಗೆ ಜಾಸ್ತಿ, ಇನ್ನೊಂದಕ್ಕೆ ಕಮ್ಮಿ. ತೂಕ ಸಮ ಇಲ್ಲದೆ ಫ್ಯಾನ್ ಅದುರುತ್ತದೆ. ಗಾಳಿ ಆಡದೆ ಒಳಗೆ ಬಿಸಿ ಏರುತ್ತದೆ. ಬಿಸಿ ಏರಿದರೆ ಫ್ಯಾನ್ ತಾನೇ ವೇಗ ಹೆಚ್ಚಿಸಿಕೊಳ್ಳುತ್ತದೆ. ಹೀಗಾಗಿ ಎಷ್ಟೋ ಸಲ ಫ್ಯಾನ್ ಚೆನ್ನಾಗಿಯೇ ಇರುತ್ತದೆ, ಧೂಳು ಹೊಡೆದರೆ ಸದ್ದು ಇಳಿಯುತ್ತದೆ. ಪ್ಲಗ್ ತೆಗೆದು, ಅಂಗಡಿಯ ಹೊರಗಿಟ್ಟು ಬ್ಲೋವರ್ ಹಿಡಿಯಿರಿ. ಆಗ ಜಾಲರಿಯ ಸಂದಿಯಿಂದ ತೆಳು ಪ್ಲಾಸ್ಟಿಕ್ ಕಡ್ಡಿ ಇಟ್ಟು ರೆಕ್ಕೆ ತಿರುಗದಂತೆ ತಡೆಯಬೇಕು. ಬ್ಲೋವರ್ ಗಾಳಿಗೆ ರೆಕ್ಕೆ ಮಿತಿಮೀರಿ ತಿರುಗಿದರೆ ಬೇರಿಂಗ್ ಇನ್ನೂ ಹಾಳು.

ಎಣ್ಣೆ ಬಿಡೋಣ ಅಂತ ತುಂಬ ಜನ ಕೇಳುತ್ತಾರೆ. ಕೊಬ್ಬರಿ ಎಣ್ಣೆಯಂತೂ ಬೇಡವೇ ಬೇಡ, 24 ಡಿಗ್ರಿ ಆಸುಪಾಸಿನಲ್ಲೇ ಅದು ಗಟ್ಟಿಯಾಗುತ್ತದೆ. ಹೊಲಿಗೆ ಮೆಷಿನ್ ಎಣ್ಣೆ ಒಂದು ತೊಟ್ಟು ಬಿಟ್ಟರೆ ಕೆಲವು ದಿನ ಓಡೀತು. ಆದರೆ ಅದಕ್ಕೆ ಡಬ್ಬ ಬಿಚ್ಚಬೇಕು. ಇಲ್ಲಿ ಮಾತ್ರ ದಯವಿಟ್ಟು ನನ್ನ ಮಾತು ಕೇಳಿ. 230 ವೋಲ್ಟ್ ಎಸಿ ಒಳಗೆ ಹೋಗಿ ಸುಮಾರು 325 ವೋಲ್ಟ್ ಡಿಸಿ ಆಗಿ ಕರೆಂಟ್ ಕೂಡಿಟ್ಟುಕೊಳ್ಳುವ ದೊಡ್ಡ ಕೆಪಾಸಿಟರ್‌ನಲ್ಲಿ ನಿಂತಿರುತ್ತದೆ. ಕೆಲವು ಮಾಡೆಲ್‌ಗಳಲ್ಲಿ ಇನ್ನೂ ಹೆಚ್ಚು. ಪ್ಲಗ್ ತೆಗೆದ ಮೇಲೂ ಅದು ಉಳಿದಿರಬಹುದು. ಅದನ್ನು ಸರಿಯಾಗಿ ಡಿಸ್ಚಾರ್ಜ್ ಮಾಡಲು ಕಲಿತವರು ಮಾತ್ರ ಫ್ಯಾನ್ ಬದಲಿಸಲಿ. ನಿಮ್ಮ ಜೀವಕ್ಕಿಂತ ಫ್ಯಾನ್ ದೊಡ್ಡದಲ್ಲ.

ಕೀಂ ಅನ್ನುವ ತೆಳು ಸದ್ದು ಬೇರೆ ಜಾತಿ. ಎಸ್‌ಎಂಪಿಎಸ್ ಒಳಗೆ ಕರೆಂಟ್ ಸೆಕೆಂಡಿಗೆ ಸಾವಿರಾರು ಸಲ ಆನ್ ಆಫ್ ಆಗುತ್ತಿರುತ್ತದೆ. ಸಾಮಾನ್ಯವಾಗಿ ಅದು ನಮ್ಮ ಕಿವಿಯ ಮಿತಿಯಾದ 20,000 ಹರ್ಟ್ಸ್ ದಾಟಿರುತ್ತದೆ. ಲೋಡ್ ಏರಿಳಿದಾಗ ಕಾಯಿಲ್, ಅಂದರೆ ಒಳಗಿನ ತಂತಿಯ ಸುರುಳಿ, ಅದುರಿ ಕಿವಿಗೆ ಕೇಳುವಂತಾಗುತ್ತದೆ. ಕಿರಿಕಿರಿ ನಿಜ, ಅಪಾಯ ಸಾಮಾನ್ಯವಾಗಿ ಇಲ್ಲ. ಅದಕ್ಕಾಗಿ ದುಡ್ಡು ಸುರಿಯಬೇಡಿ.

ಇನ್ನು ಗುಂಯ್ ಅನ್ನುವುದು. ಶಿವನಸಮುದ್ರದಿಂದ ಕೆಜಿಎಫ್ ಗಣಿಗಳಿಗೆ 1902ರಲ್ಲೇ ಕರೆಂಟ್ ಬಂದ ಸೀಮೆ ನಮ್ಮದು. ಆದರೂ ಯುಪಿಎಸ್ ಇಲ್ಲದೆ ಅಂಗಡಿ ನಡೆಸಲು ಆಗುವುದಿಲ್ಲ ಅಂತ ನಿಮಗೇ ಗೊತ್ತು. ಕಡಿಮೆ ಬೆಲೆಯ ಯುಪಿಎಸ್ ಬ್ಯಾಟರಿ ಮೇಲೆ ಕೊಡುವ ಕರೆಂಟಿನ ಅಲೆ ನುಣುಪಾಗಿರುವುದಿಲ್ಲ, ಮೆಟ್ಟಿಲು ಮೆಟ್ಟಿಲಾಗಿರುತ್ತದೆ. ಅದಕ್ಕೆ ಕೆಲವು ಎಸ್‌ಎಂಪಿಎಸ್ ಗುಂಯ್‌ಗುಡುತ್ತವೆ. ಕರೆಂಟ್ ಬಂದ ತಕ್ಷಣ ಸದ್ದು ನಿಂತರೆ ಎಸ್‌ಎಂಪಿಎಸ್ ಮುಟ್ಟಬೇಡಿ, ಯುಪಿಎಸ್ ಕಡೆ ನೋಡಿ. ಮುಂದಿನ ಸಲ ಕೊಳ್ಳುವಾಗ ನುಣುಪಾದ ಅಲೆ ಕೊಡುವ ಸೈನ್ ವೇವ್ ಯುಪಿಎಸ್ ಅಂತ ಕೇಳಿ ತನ್ನಿ.

ಚಟಚಟ ಅಂದರೆ, ಸುಟ್ಟ ವಾಸನೆ ಬಂದರೆ, ಪರೀಕ್ಷೆ ಗಿರೀಕ್ಷೆ ಏನೂ ಬೇಡ. ಫೈಲ್ ಸೇವ್ ಮಾಡುತ್ತಾ ಕೂರಬೇಡಿ, ಗೋಡೆಯ ಸ್ವಿಚ್ ಆಫ್ ಮಾಡಿ. ಒಳಗೆ ಹಲ್ಲಿ ಸತ್ತಿರಬಹುದು, ಕೆಪಾಸಿಟರ್ ಊದಿ ಒಡೆದಿರಬಹುದು. ಅದನ್ನು ಮತ್ತೆ ಆನ್ ಮಾಡಿ ನೋಡುವುದು ಬೇಡ.

ರಿಪೇರಿಗೆ ಒಯ್ಯುವವರಿಗೆ ಒಂದು ಮಾತು. ಸದ್ದು ಬಂದಾಗಲೇ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಮಧ್ಯಾಹ್ನದ ಬಿಸಿಲಲ್ಲಿ ಬಸ್ಸಿನಲ್ಲಿ ಹೊತ್ತು ತಂದ ಸಿಪಿಯು, ರಿಪೇರಿಯವರ ಟೇಬಲ್ ಮೇಲೆ ಗೊರ್ ಅನ್ನುವುದೇ ಇಲ್ಲ. ಇವತ್ತು ಯಾರಾದರೂ ಸಿಪಿಯು ತಂದಿದ್ದರೆ ಇಲ್ಲಿ ಮುಂದೆ ಇಡಿ. ಎಲ್ಲರೂ ಸೇರಿ ಕೇಳಿ ನೋಡೋಣ.